ಗ್ಲುಟಾಥಯೋನ್ ಕುಡಿದು ಕುಡುಕನಾದದ್ದು

ನಾದಿನಿಯ ಮದುವೆಯ ಫೋಟೊದಲ್ಲಿ ಮದುಮಗನಿಗಿಂತ ನಾನೇ ಬೆಳಗಬೇಕು ಎಂದು ಪಣ ತೊಟ್ಟೆ. ಹಿಂದೆ ನೆಂಟರ ಮದುವೆಯೊಂದರ ಆಲ್ಬಮ್ಮಿನಲ್ಲಿ ನನ್ನ ಹಲ್ಲು ಮಾತ್ರ ಕಾಣುತ್ತಿತ್ತು. ಉಳಿದದ್ದನ್ನು ಜನ ಊಹಿಸಿಕೊಳ್ಳಬೇಕಿತ್ತು. ಶಿವಾಜಿನಗರದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಕನ್ನಡಿಗಳ ನಡುವೆ ನಿಲ್ಲುವವನಿಗೆ ಇದು ಸಣ್ಣ ದುಃಖವಲ್ಲ. ಫೋನಿನಲ್ಲಿ ಜಾಹೀರಾತು ಬಂತು: ಗ್ಲುಟಾಥಯೋನ್ ಗುಳಿಗೆ, ನೀರಿಗೆ ಹಾಕಿದರೆ ಬುಸ್ಸೆನ್ನುತ್ತದೆ, ಕುಡಿದರೆ ಬೆಳ್ಳಗಾಗುತ್ತೀರಿ. ತರಿಸಿದೆ.

ಮೊದಲ ಲೋಟ ಬುಸುಗುಡುವಾಗಲೇ ಹೆಂಡತಿ ಕಾವೇರಿ ಬಂದಳು.

"ಏನ್ರೀ ಅದು?"

ನಿಜ ಹೇಳಲು ನಾಲಗೆ ಏಳಲಿಲ್ಲ. ಡಬ್ಬಿಯ ಮೇಲೆ ಓದಿದ್ದು ನೆನಪಾಯಿತು. "ಲಿವರ್ರಿಗೆ," ಎಂದೆ.

"ಲಿವರ್ರಿಗೆ ಏನಾಗ್ಯದ?"

"ಸ್ವಲ್ಪ ತೊಳೀಬೇಕಂತೆ."

ಕಾವೇರಿ ಬೈದರೆ ಭಯವಿಲ್ಲ. ಸುಮ್ಮನಾದರೆ ಊರಿಗೆ ಫೋನು ಹೋಯಿತೆಂದೇ ಅರ್ಥ. ಮರುದಿನ ಬೆಳಗ್ಗೆ ಅತ್ತೆ ಪೀರಮ್ಮ ಮದುವೆಯ ಕೆಲಸವನ್ನೆಲ್ಲ ಬಿಟ್ಟು, ಕಲಬುರಗಿಯ ರೈಲಿನಿಂದ ಇಳಿದು ಬಂದರು. ಸೆರಗಿನ ಗಂಟಿನಲ್ಲಿ ಗುಡಿಯ ವಿಭೂತಿ.

"ಅಳಿಯಂದ್ರ, ಯಾವಾಗಿಂದ ಕುಡಿಲಾಕತ್ತೀರಿ?"

ಲಿವರ್ ಕೆಟ್ಟಿದೆ ಎಂದರೆ ಕುಡಿತವೇ ಎಂದು ತಾಯಿ-ಮಗಳ ಲೆಕ್ಕ. ನನ್ನ ಗತಿ ನೋಡಿ. ಕುಡಿಯುವುದಿಲ್ಲ ಎಂದರೆ ಗುಳಿಗೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಬಣ್ಣದ ಮಾತು ಬರುತ್ತದೆ. ಅತ್ತೆ ನನಗಿಂತ ಕಪ್ಪು, ಅವರ ಮಗಳೂ ಕಪ್ಪು. ಇವರ ಮುಂದೆ ಬಿಳುಪಿನ ಹುಚ್ಚನಾಗುವುದಕ್ಕಿಂತ ಕುಡುಕನಾಗುವುದೇ ಮರ್ಯಾದೆ ಎನಿಸಿತು.

"ಯುಗಾದಿಯಿಂದ," ಎಂದೆ.

ಕಾವೇರಿ ಮುಖ ಮುಚ್ಚಿಕೊಂಡು ಅತ್ತಳು. ಎಂದೂ ಮುಟ್ಟದ ಹೆಂಡವನ್ನು ನಾನು ವಿಭೂತಿ ಮುಟ್ಟಿ ಆಣೆಯಿಟ್ಟು ಬಿಟ್ಟುಬಿಟ್ಟೆ. ಅವಳಿಗೆ ಅಷ್ಟಾದರೂ ಸಮಾಧಾನವಾಗಲಿಲ್ಲ. ಕಾಲೇಜಿನಲ್ಲಿ ಜೀವರಸಾಯನ ಕಲಿಸುವ ಪಕ್ಕದ ಮನೆಯ ಬುಷ್ರಾಳನ್ನು ಕರೆತಂದು ಡಬ್ಬಿ ಕೊಟ್ಟಳು. "ಇವರ ಲಿವರ್ ಉಳಿತದೇನವ್ವ?"

ಬುಷ್ರಾ ಓದಿದಳು. "ಇದು ನಮ್ ಮೈಯಲ್ಲೇ ತಯಾರಾಗುತ್ತೆ ಅಕ್ಕಾ. ಲಿವರ್‌ನಲ್ಲಿ ಜಾಸ್ತಿ. ಜೀವಕೋಶನ ಕೆಡಿಸೋಕೆ ಬರೋ ಏಟನ್ನ ತಾನೇ ತಿಂದು ಕಾಪಾಡುತ್ತೆ, ವಿಷನೂ ಹೊರಗೆ ಹಾಕುತ್ತೆ. ನುಂಗಿದ್ದು ಮಾತ್ರ ಬಹಳಷ್ಟು ಹೊಟ್ಟೇಲೇ ಒಡೆದುಹೋಗುತ್ತೆ. ಆದ್ರೆ ಲಿವರ್‌ಗೆ ಅಂತ ಯಾರ್ ತಗೋತಾರೆ? ನಮ್ ಸ್ಟೂಡೆಂಟ್ಸ್ ತಗೊಳ್ಳೋದು ಬೆಳ್ಳಗಾಗೋಕೆ."

ಕಾವೇರಿ ಡಬ್ಬಿ ಕಿತ್ತುಕೊಂಡು ನನ್ನತ್ತ ತಿರುಗಿದಳು.

"ಹಂಗಾದ್ರ ನೀವು ಕುಡಿಯಂಗಿಲ್ಲ?" ಎಂದಳು ಕಾವೇರಿ.

"ಇಲ್ಲ."

"ಬೆಳ್ಳಗಾಗ್ಲಾಕ ತಗೊಂಡ್ರಿ?"

"ಹೂಂ."

"ಇಷ್ಟು ವರ್ಷ ನನ್ನ ಮಾರಿ ನೋಡಿ, ಕರ್ರಗಿರೋದು ತಪ್ಪು ಅಂತ ಅನಿಸ್ತೇನ್ರೀ?"

ಭೂಮಿ ಬಾಯಿ ಬಿಡಲಿಲ್ಲ. ನಮ್ಮದು ಮೂರನೇ ಮಹಡಿ; ಬಿಟ್ಟಿದ್ದರೂ ಕೆಳಗಿನ ಅಜ್ಮತ್ ಭಾಯಿಯ ಮನೆಗೆ ಬೀಳುತ್ತಿದ್ದೆ. ತಾನು ಏಟು ತಿಂದು ಜೊತೆಯವರನ್ನು ಕಾಯುವಂಥದ್ದು ನನ್ನೊಳಗೇ ಇತ್ತಂತೆ. ನಾನೋ, ನನ್ನ ಮಾನ ಕಾಯಲು ಹೆಂಡತಿಯ ಕಣ್ಣೀರು ಖರ್ಚು ಮಾಡಿದ್ದೆ.

ಅತ್ತೆ ಮತ್ತೆ ವಿಭೂತಿಯ ಗಂಟು ಬಿಚ್ಚಿದರು. "ಕಾವೇರಿ, ಹಚ್ಚು ನಿನ್ನ ಗಂಡಗ."

ಅವಳು ಹಣೆಗೆ ಹಚ್ಚಿದಳು. ಅಲ್ಲಿಗೇ ನಿಲ್ಲಿಸಲಿಲ್ಲ. ಕೆನ್ನೆ, ಮೂಗು, ಕಿವಿ, ಕುತ್ತಿಗೆ, ಒಂದನ್ನೂ ಬಿಡಲಿಲ್ಲ.

"ಬುಷ್ರಾ, ಫೋಟೊ ತೆಗಿಯವ್ವ," ಎಂದರು ಅತ್ತೆ. "ಅಳಿಯಂದ್ರು ಬೆಳ್ಳಗಾಗ್ಯಾರ."

ಆ ಫೋಟೊದಲ್ಲಿ ನನ್ನ ಮುಖ ಚೆನ್ನಾಗಿ ಬಿದ್ದಿದೆ. ಹಲ್ಲು ಮಾತ್ರ ಕಾಣುವುದಿಲ್ಲ.