ಭೀಮನಾದ ನನ್ನ ಕ್ವಾರ್ಟ್ಜೈಟ್

ಮನುಷ್ಯರು ಹೋದರೆ ಅಳುವುದಕ್ಕೆ ನಮ್ಮಲ್ಲಿ ಪದ್ಧತಿಗಳಿವೆ. ಹತ್ತು ಜನ ಬಂದು ಕೂರುತ್ತಾರೆ, ಚಹಾ ಕುಡಿದು ಸಮಾಧಾನ ಹೇಳುತ್ತಾರೆ. ಕಲ್ಲು ಹೋದರೆ ಅಳುವುದಕ್ಕೆ ಯಾವ ವ್ಯವಸ್ಥೆಯೂ ಇಲ್ಲ. ನನ್ನದೊಂದು ಕಲ್ಲು ಹೋಯಿತು ಎಂದು ಗಾಜಿಪುರದ ನಮ್ಮ ಗಲ್ಲಿಯಲ್ಲಿ ಹೇಳಿಕೊಂಡರೆ ಎದುರು ಮನೆಯಾಕೆ, "ಕಿಡ್ನೀದೇನ್ರೀ? ಚಲೋ ಆಯ್ತು ಬಿಡ್ರಿ," ಎಂದು ಸಂತೋಷಪಟ್ಟರು.

ಅದು ಕಲಾದಗಿ ಕಡೆಯ ಗುಡ್ಡದ ಕ್ವಾರ್ಟ್ಜೈಟ್, ತೆಂಗಿನಕಾಯಿಯಷ್ಟು ಗಾತ್ರದ್ದು. ಮದುವೆಯಾದ ಹೊಸತರಲ್ಲಿ ಬಾಗಲಕೋಟೆಗೆ ಹೊರಟಿದ್ದ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಜಿಯಾಲಜಿಯನ್ನೆಲ್ಲ ನಾನು ಕಿಟಕಿಯಿಂದಲೇ ಗಂಡನ ಮೇಲೆ ಸುರಿದೆ. ಆ ಉದ್ದನೆಯ ರಿಡ್ಜ್ ಒಂದು ಕಾಲಕ್ಕೆ ಕಡಲ ದಂಡೆಯ ಮರಳಾಗಿತ್ತು, ಹೂತು, ಒತ್ತಿ, ಕಾಳಿಗೆ ಕಾಳು ಬೆಸೆದು ಕಲ್ಲಾಯಿತು, ಈಗ ಒಡೆದರೆ ಕಾಳೇ ಸೀಳುತ್ತದೆಯೇ ಹೊರತು ಬೆಸುಗೆ ಬಿಡುವುದಿಲ್ಲ ಎಂದೆಲ್ಲ. ನನ್ನವರು ಬ್ಯಾಂಕಿನ ಮನುಷ್ಯ. ಕಲ್ಲಿಗೂ ಇಟ್ಟಿಗೆಗೂ ಭೇದ ತಿಳಿಯದವರು, ಸ್ಟೂಲ್ ಹತ್ತಿದರೂ ತಲೆ ಸುತ್ತುವವರು. ಅಂಥವರು ಇಳಿದು, ಗುಡ್ಡ ಹತ್ತಿ, ಬೆವರುತ್ತ ಬಂದು, "ತಗೋ, ಇದೇ ಹೌದಲ್ಲ ನಿನ್ನ ಸಮುದ್ರ?" ಎಂದು ಮಡಿಲಲ್ಲಿಟ್ಟರು. ಅದರ ಮೈಮೇಲೆ ಹೆಸರೇ ಇಲ್ಲದ ಆ ಕಡಲಿನ ಅಲೆಗಳ ಗೀರುಗಳಿದ್ದವು, ನಾವು ರಿಪಲ್ ಮಾರ್ಕ್ಸ್ ಅನ್ನುತ್ತೇವೆ. ಅವರು ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ಶೋಕೇಸಿನ ಮುಂದೆ ನಿಂತು ಆ ಗೀರುಗಳ ಮೇಲೆ ಹೆಬ್ಬೆರಳು ಆಡಿಸುವುದು ನನಗೆ ರೂಢಿ. ನಾಲ್ಕು ಜನರ ಮುಂದೆ ಇದನ್ನು ಹೇಳಿಕೊಳ್ಳುವಂತಿಲ್ಲ.

ಕಣ್ಣಿನ ಪೊರೆ ತೋರಿಸಲು ಆಸ್ಪತ್ರೆಗೆ ಹೋಗಿ ಬಂದ ದಿನ ಶೋಕೇಸ್ ಖಾಲಿಯಿತ್ತು. ಪೊರೆ ಇಷ್ಟು ಬಲಿತಿದೆಯೇ ಎಂದು ಮೊದಲು ಗಾಬರಿಯಾಯಿತು. ಜೊತೆಯಲ್ಲಿರುವ ನನ್ನ ನಾದಿನಿ ಕುಸುಮ ಮೆಂತ್ಯ ಸೋಸುತ್ತಲೇ ಹೇಳಿದಳು:

"ಆ ಕಲ್ಲೇನು ವೈನಿ? ಶರಣಮ್ಮ ಕೇಳಿದ್ಲು, ಕೊಟ್ಟೆ. ದೇವರ ಕೆಲಸಕ್ಕಂದ್ರ ಇಲ್ಲ ಅನ್ನಲಿಕ್ಕಾಗ್ತದೇನು?"

ಶರಣಮ್ಮ ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುವವಳು. ಅವಳ ಅತ್ತೆಯ ಹೊಲ ಕಮಲಾಪುರದಲ್ಲಿದೆ. ಮರುದಿನ ಎಳ್ಳಮಾಸಿ. ಅಂದು ನಮ್ಮ ಸೀಮೆಯವರು ಹೊಲದಲ್ಲಿ ಐದು ಕಲ್ಲುಗಳನ್ನು ನೆಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಬೆಳೆಗೆಲ್ಲ ಎಡೆಯ ಅಡುಗೆಯ ಚರಗ ಚೆಲ್ಲಿ ಉಣ್ಣುತ್ತಾರೆ. ನಾನು ಬೆಳಗಿನ ಬಸ್ಸಿಗೇ ಹೋದೆ. ತಡವಾಗಿತ್ತು. ಜೋಳದ ದಂಟಿನ ಗೂಡಿನೊಳಗೆ ಐವರೂ ಬೆಳ್ಳಗೆ ಕುಳಿತಿದ್ದರು, ನನ್ನವನ ಹಣೆಗೆ ಕುಂಕುಮ. ಅಲೆಗಳೊಳಗೆಲ್ಲ ಸುಣ್ಣ ತುಂಬಿತ್ತು.

"ಏನ ಮಾಡಿದಿ ಶರಣಮ್ಮಾ!" ಎಂದೆ.

"ನಮ್ಮ ಹಳೀ ಕಲ್ಲಿನ ಭೀಮಪ್ಪ ವರ್ಸಾ ವರ್ಸಾ ಉಳ್ಳಾಗಡ್ಡಿಗತೆ ಸಿಪ್ಪಿ ಬಿಡ್ಲಾಕತ್ತಿದ್ದ್ರೀ ಟೀಚರ್. ಈ ಸಲ ಎರಡು ಹೋಳಾದ. ನೀವೇ ಹೇಳಿದ್ರಲ್ಲ, ಸುತ್ತಿನ ಕಲ್ಲೆಲ್ಲ ಸವದು ಹೋಗ್ತಾವ, ಇದೊಂದೇ ನಿಂದ್ರತದ, ಅದಕ್ಕೇ ಗುಡ್ಡ ಆಗ್ತದ ಅಂತ?"

ಹೌದು, ಹೇಳಿದ್ದೆ. ಅವಳು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ದಿನಾ ಹೇಳುತ್ತಿದ್ದೆ. ನಮ್ಮ ಸೀಮೆಯ ಕರಿಕಲ್ಲು ಈರುಳ್ಳಿಯ ಹಾಗೆ ಸಿಪ್ಪೆ ಬಿಡುತ್ತದೆ ಎನ್ನುವುದನ್ನು ಜಿಯಾಗ್ರಫಿ ಪೀರಿಯಡ್ಡಿನಲ್ಲಿ ಎಷ್ಟು ಬ್ಯಾಚ್‌ಗಳಿಗೆ ಡಿಕ್ಟೇಟ್ ಮಾಡಿದ್ದೇನೋ, ಒಬ್ಬಳೂ ಹೀಗೆ ಕಣ್ಣಾರೆ ಕಂಡು ಉತ್ತರ ಬರೆದಿರಲಿಲ್ಲ. ಹಾಳಾದ ಸಂತೋಷ ಅಂಥ ದುಃಖದಲ್ಲೂ ಉಕ್ಕಿತು.

ಆದರೂ ಅದು ನನ್ನ ಗಂಡ ಕೊಟ್ಟಿದ್ದೆಂದು ಹೇಳುವಷ್ಟರಲ್ಲಿ ಕಣ್ಣು ತುಂಬಿತು. ಶರಣಮ್ಮನ ಅತ್ತೆ ಗುರವ್ವ ನನ್ನ ಮುಖ ನೋಡಿ ಕರಗಿದಳು. "ಅಳಬ್ಯಾಡ್ರೆವ್ವಾ. ನಿಮ್ಮ ಮಾಲಕ್ರು ಕೊಟ್ಟಿದ್ದಂತ ನಮಗೇನ ಗೊತ್ತು? ಒಯ್ರಿ. ಖರೆ, ಭೀಮನ ಜಾಗಾ ಖಾಲಿ ಇಡಬಾರದು. ಅಂಥದೇ ಗಟ್ಟಿ ಕಲ್ಲ ಒಂದು ಆರಿಸಿ ಕೊಡ್ರಿ. ನೀವು ಓದಿದವರು."

ಇಷ್ಟೇ ತಾನೇ! ಸೀರೆ ಎತ್ತಿ ಸಿಕ್ಕಿಸಿ ಬದುವಿನುದ್ದಕ್ಕೂ ಹುಡುಕಿದೆ. ಒಂದನ್ನು ಕುಟ್ಟಿದೆ, ಅಂಚು ಉದುರಿತು. ಇನ್ನೊಂದು ನೋಡಲು ಭೀಮಸೇನ, ಒಳಗೆಲ್ಲ ತೂತು. ಮೂರನೆಯದು ಕೈಯಲ್ಲೇ ಮಣ್ಣಾಯಿತು. ಹಿಂದೆ ಶರಣಮ್ಮ ಪ್ರತಿ ಕಲ್ಲಿಗೂ, "ಇದು ಸವಿಯಂಗಿಲ್ಲಲ್ರೀ, ಟೀಚರ್?" ಎಂದು ಕೇಳುತ್ತ ಬಂದಳು. ಒಂದು ಸುಳ್ಳು ಸಾಕಿತ್ತು. ಇನ್‌ಸ್ಪೆಕ್ಷನ್ನಿನ ಮುಂದೆ ಏನೂ ಬಾರದ ಹುಡುಗಿಯರನ್ನು ಜಾಣೆಯರೆಂದು ತೋರಿಸಿದವಳು ನಾನು, ಒಂದು ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಲು ಬಾರದೇ? "ಸವಿಯಂಗಿಲ್ಲ" ಎಂದು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು, ನಾನು ಹೇಳಿದ್ದನ್ನು ನಂಬಲು ಪೂರ್ತಿ ತಯಾರಾಗಿ. "ಸವೀತದ ಶರಣಮ್ಮಾ," ಎಂದೆ. "ಇಲ್ಲೀವೆಲ್ಲ ಸವೀತಾವ."

ನನ್ನ ಕಲ್ಲನ್ನು ಗೂಡಿನಲ್ಲೇ ಬಿಟ್ಟು, ಭಜ್ಜಿ, ಸಜ್ಜೆಯ ಕಡುಬು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಕುಸುಮ ಪಾಪ, ನನಗೆ ಬೇಸರವಾದೀತೆಂದು ಶೋಕೇಸಿನಲ್ಲಿ ಪ್ಲಾಸ್ಟಿಕ್ ಗುಲಾಬಿಯ ಕುಂಡವೊಂದನ್ನು ತಂದಿಟ್ಟಿದ್ದಳು. "ನೋಡ್ರಿ ವೈನಿ, ನೀರು ಬ್ಯಾಡ, ಬಿಸಿಲು ಬ್ಯಾಡ. ನಾವು ಹೋದಮ್ಯಾಲೂ ಹಿಂಗೇ ಇರ್ತದ." ಕೋಪ ನೆತ್ತಿಗೇರಿತು. ಆದರೆ ಅದು ವೈಜ್ಞಾನಿಕವಾಗಿ ಸರಿಯಾದ ಮಾತು. ಟೀಚರ್ ಆದವಳು ಸರಿಯುತ್ತರಕ್ಕೆ ಕೋಪಿಸಿಕೊಳ್ಳುವಂತಿಲ್ಲ. ಈಗ ದಿನಾ ಬೆಳಿಗ್ಗೆ ಅದರದೇ ಧೂಳು ಒರೆಸುತ್ತೇನೆ.