ಕಾಗೆ, ಕೋತಿ, ನರಿ ಮತ್ತು ಚಿಕ್ಕಮಾವನ ರೂಲು ಪುಸ್ತಕ

ನಮ್ಮ ಚಿಕ್ಕಮಾವನವರು ಕಾಗೆಯ ಮೇಲೂ ಕಾನೂನು ಚಲಾಯಿಸಿದವರು ಎಂದರೆ ನೀವು ನಂಬಲಿಕ್ಕಿಲ್ಲ. ಮದುವೆಯಾಗಿ ನಾಸಿಕಕ್ಕೆ ಬಂದ ಹೊಸತರಲ್ಲಿ ನಾನೂ ನಂಬಿರಲಿಲ್ಲ!

ಚಿಕ್ಕಮಾವ ಎಂದರೆ ನನ್ನ ಗಂಡನ ಚಿಕ್ಕಪ್ಪ. ಉಡುಪಿ ಕಡೆಯಿಂದ ಬಂದು ನಾಸಿಕದಲ್ಲಿ ಇಡ್ಲಿ-ದೋಸೆಯ ಹೋಟೆಲು ಇಟ್ಟವರು. ದಿನಾ ಅಲ್ಲಿ ತಿಂಡಿ ತಿನ್ನುತ್ತಿದ್ದ ಒಬ್ಬ ಕರ್ನಲ್, ವರ್ಗವಾಗಿ ಹೋಗುವಾಗ ತನ್ನ ಹಳೆಯ ಗಾಲ್ಫ್ ಕೋಲುಗಳನ್ನೂ ಒಂದು ರೂಲು ಪುಸ್ತಕವನ್ನೂ ಇವರಿಗೆ ಕೊಟ್ಟುಹೋದನಂತೆ. ಬೇರೆಯವರಾಗಿದ್ದರೆ ಕೋಲುಗಳಿಂದ ನಾಯಿ ಓಡಿಸುತ್ತಿದ್ದರು. ಇವರು ಕ್ಲಬ್ಬಿಗೆ ಸೇರಿಯೇಬಿಟ್ಟರು! ಮಧ್ಯಾಹ್ನ ಊಟದ ಗಿರಾಕಿಗಳು ಎದ್ದರೆ ಸಾಕು, ಖಾಕಿ ಪ್ಯಾಂಟು ಏರಿಸಿ, ಹಣೆಯ ಗಂಧವನ್ನು ಹಾಗೆಯೇ ಇಟ್ಟುಕೊಂಡು ಮೈದಾನಕ್ಕೆ ಹೊರಟರು ಎಂದೇ ಲೆಕ್ಕ.

ಆಟ ಅಷ್ಟಕ್ಕಷ್ಟೆ. ಆದರೆ ರೂಲು? ಅಬ್ಬಾ! ಪುಸ್ತಕ ಇಂಗ್ಲಿಷಿನಲ್ಲಿತ್ತು, ಚಿಕ್ಕಮಾವನ ಇಂಗ್ಲಿಷು ಮೆನು ಬೋರ್ಡಿನಿಂದಾಚೆ ಹೋಗುತ್ತಿರಲಿಲ್ಲ. ಮನೆಗೆ ಕಾನ್ವೆಂಟಿನಲ್ಲಿ ಓದಿದ ಸೊಸೆ ಬಂದದ್ದೇ ತಡ, ನನ್ನ ಓದಿಗೊಂದು ಉದ್ಯೋಗ ಸಿಕ್ಕಿತು. "ಓದು ಮಗಾ, ಪ್ರಾಣಿ ಬಂದು ಚೆಂಡು ಮುಟ್ಟಿದರೆ ಎಂತ ಮಾಡುವುದು, ಅದನ್ನು ಇನ್ನೊಮ್ಮೆ ಓದು." ನಾನು ಓದಿ ಹೇಳುತ್ತಿದ್ದೆ: ನಿಂತ ಚೆಂಡನ್ನು ಪ್ರಾಣಿ ಸರಿಸಿದರೆ ಮೊದಲಿದ್ದಲ್ಲೇ ಇಡಬೇಕು, ದಂಡವಿಲ್ಲ. ಓಡುತ್ತಿರುವ ಚೆಂಡು ಪ್ರಾಣಿಗೆ ತಗಲಿದರೆ ಅದು ಹಣೆಬರಹ, ಬಿದ್ದಲ್ಲಿಂದಲೇ ಆಡಬೇಕು. ಅವರು ಕಣ್ಣು ಮುಚ್ಚಿ, ಪುರಾಣ ಕೇಳುವವರಂತೆ ತಲೆದೂಗುತ್ತಿದ್ದರು.

ಒಂದು ದಿನ ತಾರಸಿಯಲ್ಲಿ ಸಂಡಿಗೆ ಒಣಹಾಕಿದ್ದೆವು. ಕಾಗೆಯೊಂದು ಒಂದು ಸಂಡಿಗೆ ಕಚ್ಚಿಕೊಂಡು ಹೋಗಿ ನೀರಿನ ಟಾಕಿಯ ಮೇಲೆ ಬೀಳಿಸಿತು. ಚಿಕ್ಕಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ ತಂದು, ಬಟ್ಟೆಯ ಮೇಲೆ ಅದರದೇ ಒದ್ದೆ ಗುರುತು ಹುಡುಕಿ, ಅಲ್ಲಿಯೇ ಇಟ್ಟರು. "ನಿಂತದ್ದನ್ನು ಹೊರಗಿನವರು ಸರಿಸಿದ್ದು. ದಂಡ ಇಲ್ಲ!"

"ಕಾಗೆ ಎಂಜಲು ಮಾಡಿದ ಸಂಡಿಗೆ ಯಾರು ತಿನ್ನುವುದು? ನಿಮ್ಮ ಕರ್ನಲ್ಲಾ?" ಎಂದರು ಚಿಕ್ಕತ್ತೆ.

ಚಿಕ್ಕಮಾವ ಕಿಸೆಯಿಂದ ಪುಸ್ತಕ ತೆಗೆದು ಹಿಂದೆ ಮುಂದೆ ಮಗುಚಿ ಗಂಭೀರವಾಗಿ ಹೇಳಿದರು: "ಎಂಜಲಿನ ಬಗ್ಗೆ ಇದರಲ್ಲಿ ಎಂತದೂ ಇಲ್ಲ."

ಇನ್ನು ಔರಂಗಾಬಾದಿನ ಕಥೆ! ಅಲ್ಲಿನ ಕ್ಲಬ್ಬಿಗೂ ನಾಸಿಕದವರಿಗೂ ವರ್ಷಕ್ಕೊಂದು ಪಂದ್ಯ. ಎಸ್.ಟಿ. ಬಸ್ಸಿನಲ್ಲಿ ಧೂಳು ತಿನ್ನುತ್ತ ಹೋದೆವು. ಚಿಕ್ಕಮಾವನ ಚೆಂಡು ಹುಲ್ಲಿನಲ್ಲಿ ಸುಮ್ಮನೆ ನಿಂತಿತ್ತು. ಬೇವಿನ ಮರದಿಂದ ಕೋತಿಯೊಂದು ಇಳಿದು, ಅದನ್ನು ಎತ್ತಿ ಮೂಸಿ, ಕಚ್ಚಿ, ರುಚಿಯಿಲ್ಲವೆಂದು ಬೀಸಿ ಒಗೆಯಿತು. ಎಲ್ಲಿಗೆ? ಸೀದಾ, ಚೆಂಡು ಹಾಕಬೇಕಾದ ಕುಳಿಯ ಪಕ್ಕಕ್ಕೆ! ಎದುರಾಳಿ ಮೇಜರ್ ದೊಡ್ಡ ಮನಸ್ಸಿನವರು. "ಅಲ್ಲಿಂದಲೇ ಆಡಿ ಅಣ್ಣಾ, ನಿಮ್ಮ ಅದೃಷ್ಟ" ಎಂದರು. ಚಿಕ್ಕಮಾವ ಒಪ್ಪಬೇಕಲ್ಲ? ಚೆಂಡನ್ನು ಹೊತ್ತು ವಾಪಸು ಬಂದು ಹಳೆಯ ಜಾಗದಲ್ಲಿಟ್ಟು ಹೊಡೆದರು, ಸೋತರು.

"ಕೋತಿ ಕೊಟ್ಟದ್ದನ್ನು ತಗೊಳ್ಳಬಹುದಿತ್ತಲ್ಲ ಮಾವ?" ಎಂದೆ.

"ಅದು ನನ್ನ ಪಾರ್ಟ್ನರ್ ಅಲ್ಲ ಮಾರಾಯ್ತಿ!"

ಸೋತದ್ದಕ್ಕೆ ಅವರಿಗೆ ಬೇಸರವಿರಲಿಲ್ಲ ಎಂದುಕೊಳ್ಳಬೇಡಿ. ನಾಸಿಕದ ಕ್ಲಬ್ಬಿನ ಗೋಡೆಯಲ್ಲೊಂದು ಮರದ ಬೋರ್ಡು, ಅದರ ಮೇಲೆ ಗೆದ್ದವರ ಹೆಸರು ಬಂಗಾರದ ಬಣ್ಣದಲ್ಲಿ. ಎಲ್ಲ ಮೇಜರ್, ಡಾಕ್ಟರ್, ವಕೀಲರು. ಆ ಬೋರ್ಡಿನ ಮುಂದೆ ಹಾದುಹೋಗುವಾಗ ಚಿಕ್ಕಮಾವನ ನಡಿಗೆ ತುಸು ನಿಧಾನವಾಗುವುದನ್ನು ನಾನು ಗಮನಿಸಿದ್ದೆ. "ಇದರಲ್ಲಿ ಒಬ್ಬ ಹೋಟೆಲಿನವನ ಹೆಸರು ಬಂದರೆ ಬೋರ್ಡೇನು ಬಿದ್ದುಹೋಗ್ತದಾ?" ಎಂದು ಒಮ್ಮೆ ಕೇಳಿದ್ದರು. ಕೇಳಿದ್ದು ನನ್ನನ್ನಲ್ಲ, ಬೋರ್ಡನ್ನು.

ಮರುವರ್ಷ ಪಂದ್ಯ ನಾಸಿಕದಲ್ಲಿ. ಆ ತಿಂಗಳು ಮೈದಾನದಲ್ಲಿ ಚೆಂಡುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ನರಿಯ ಕೆಲಸ ಎಂದು ಎಲ್ಲರಿಗೂ ಗುಮಾನಿ. ಬಿಲ ಎಲ್ಲಿದೆಯೆಂದು ಮಾತ್ರ ಯಾರಿಗೂ ಗೊತ್ತಿಲ್ಲ. "ಒಮ್ಮೆ ತೋರಿಸಿ, ಬಂದೂಕಿನವನನ್ನು ಕರೆಸಿ ಮುಗಿಸಿಬಿಡುತ್ತೇನೆ" ಎಂದು ಕ್ಲಬ್ಬಿನ ಸೆಕ್ರೆಟರಿ ಹೇಳುತ್ತ ತಿರುಗುತ್ತಿದ್ದರು.

ಚಿಕ್ಕಮಾವ ಅಂದು ಆಡಿದ ಆಟ! ಯಾವ ದೇವರು ಮೈಮೇಲೆ ಬಂದಿದ್ದನೋ! ಕೊನೆಯ ಕುಳಿಗೆ ಬರುವಾಗ ಅದೇ ಮೇಜರ್‌ಗಿಂತ ಒಂದು ಹೊಡೆತ ಮುಂದಿದ್ದರು; ಹೊಡೆತ ಕಡಿಮೆಯಾದವನೇ ಗೆದ್ದ ಲೆಕ್ಕ. ಚೆಂಡು ದಿಬ್ಬದಾಚೆ, ಹಳ್ಳದ ಪಕ್ಕ ಹೋಗಿ ನಿಂತಿತು. ಉಳಿದವರು ಇನ್ನೂ ದಿಬ್ಬ ಹತ್ತುತ್ತಿದ್ದರು. ನೀರಿನ ಬಾಟಲಿ ಹಿಡಿದ ನಾನೂ ಚಿಕ್ಕಮಾವನೂ ಮಾತ್ರ ಇಳಿದಿದ್ದೆವು.

ಪೊದೆಯಿಂದ ನರಿ ಬಂತು. ಬಡಕಲು ಮೈ, ಹಾಲಿನಿಂದ ಜೋತ ಹೊಟ್ಟೆ. ಚೆಂಡನ್ನು ಮೊಟ್ಟೆಯಂತೆ ಮೆತ್ತಗೆ ಕಚ್ಚಿಕೊಂಡು ಹಳ್ಳಕ್ಕಿಳಿಯಿತು. ಅಲ್ಲಿ ಬೇರುಗಳ ಸಂದಿನಿಂದ ಮರಿಗಳು ಹೊರಗೆ ಬಂದವು. ಒಂದು, ಎರಡು, ಮೂರು, ನಾಲ್ಕು. ತಾಯಿ ಚೆಂಡನ್ನು ಕೆಳಗಿಟ್ಟದ್ದೇ ತಡ, ಮರಿಗಳು ಮುಗಿಬಿದ್ದವು. ಕ್ಷಣದಲ್ಲಿ ಎಲ್ಲರೂ ಚೆಂಡಿನ ಸಮೇತ ಒಳಗೆ!

ರೂಲು ನಮ್ಮ ಕಡೆಗಿತ್ತು. ನಿಂತ ಚೆಂಡು, ಹೊರಗಿನವರ ಕೈವಾಡ, ಮೊದಲಿದ್ದಲ್ಲಿ ಬೇರೆ ಚೆಂಡು, ದಂಡವಿಲ್ಲ. ಹೇಳಿದರೆ ಸಾಕು, ಬೋರ್ಡಿನ ಮೇಲೆ ಹೆಸರು!

ಸೆಕ್ರೆಟರಿ ಏದುಸಿರು ಬಿಡುತ್ತ ಇಳಿದು ಬಂದರು. "ಕಾಯ್ ಝಾಲಂ ಅಣ್ಣಾ, ಏನಾಯ್ತು? ಚೆಂಡೆಲ್ಲಿ? ನರಿ ಒಯ್ತಾ? ಯಾವ ಕಡೆ ಹೋಯ್ತು ತೋರಿಸಿ, ಇವತ್ತೇ ಅದರ ಕಥೆ ಮುಗಿಸೋಣ!"

ಚಿಕ್ಕಮಾವ ಹಳ್ಳಕ್ಕೆ ಬೆನ್ನು ಹಾಕಿ ನಿಂತರು. ಕಿಸೆಯ ಪುಸ್ತಕವನ್ನು ಒಮ್ಮೆ ಮುಟ್ಟಿಕೊಂಡರು.

"ನರಿ ಗಿರಿ ಎಂತದೂ ಇಲ್ಲ. ಚೆಂಡು ಕಳೆದುಹೋಯ್ತು. ನಾನು ನೋಡಲಿಲ್ಲ."

ಕಳೆದ ಚೆಂಡಿಗೆ ದಂಡ ಉಂಟು, ಒಂದು ಹೊಡೆತ ಹೆಚ್ಚು ಲೆಕ್ಕ. ಹಿಂದೆ ಹೋಗಿ ಮತ್ತೆ ಹೊಡೆಯಬೇಕು. ಸೆಕ್ರೆಟರಿ ನನ್ನತ್ತ ತಿರುಗಿದರು. "ವಹಿನಿ, ನೀವು ನೋಡಿದ್ರಾ?"

ಸುಳ್ಳು ಹೇಳುವುದು ಪಾಪವೆಂದು ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು ನಾನು. "ಬಿಸಿಲು ಕಣ್ಣಿಗೆ ಹೊಡೀತಿತ್ತು" ಎಂದೆ.

ಚಿಕ್ಕಮಾವ ಒಂದೇ ಹೊಡೆತದಿಂದ ಸೋತರು.

ಟಾಂಗಾದಲ್ಲಿ ಮನೆಗೆ ಬರುವಾಗ ಏನಾದರೂ ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ನನ್ನ ಕಡೆ ಬಾಗಿ, ಟಾಂಗಾದವನಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ಮಗಾ, ಆ ಸಣ್ಣ ಮರಿ ನೋಡಿದ್ಯಾ, ಮೂಗಲ್ಲಿ ದೂಡಿ ದೂಡಿ ಚೆಂಡನ್ನು ಸೀದಾ ಬಿಲದೊಳಗೆ ಹಾಕ್ತು. ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಅಷ್ಟು ಚಂದ ಹಾಕಲಿಕ್ಕೆ ಬರಲಿಲ್ಲ."