ನೇಮದ ವೆಬ್‌ಸೈಟು ಮತ್ತು ನನ್ನ ಪುಕ್ಕಲು ಜೀವ

"ನಿನಗೆಂತ ಹೆದರಿಕೆ ಮಾರಾಯ್ತಿ? ಮರ ಹತ್ತಲಿಕ್ಕುಂಟಾ, ಬಾವಿಗೆ ಇಳಿಯಲಿಕ್ಕುಂಟಾ? ಫ್ಯಾನಿನಡಿ ಕೂತು ಕುಟ್ಟುವ ಕೆಲಸ" ಅಂತ ನನ್ನ ಗಂಡ ಹೇಳ್ತಾರೆ. ಹಾಗೆ ಹೇಳುವವರೆಲ್ಲ ಒಂದು ವಾರ ನನ್ನ ಕುರ್ಚಿಯಲ್ಲಿ ಕೂತು ನೋಡಲಿ. ಮೊದಲೇ ನಾನು ಫೋನ್ ರಿಂಗಾದರೆ ಎದೆ ಹಿಡಿದುಕೊಳ್ಳುವವಳು. ಅಂಥವಳನ್ನೇ ಹುಡುಕಿಕೊಂಡು ಇಂಥದ್ದೆಲ್ಲ ಬರ್ತದೆ, ಒಂದು ಮುಗಿಯಿತು ಅನ್ನುವಾಗ ಇನ್ನೊಂದು.

ಬಿ.ಸಿ.ರೋಡಿನಲ್ಲಿ ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಕೋಣೆಯೇ ನನ್ನ ಆಫೀಸು. ಮೂಡುಬಿದಿರೆಯಲ್ಲಿ ಒಬ್ಬ ಡಿಸೈನರ್ ಇದ್ದಾನೆ. ವಿಜಯಪುರ ಕಡೆಯವನು, ಕಾಲೇಜು ಓದಲಿಕ್ಕೆ ಬಂದು ಇಲ್ಲೇ ಉಳಿದವನು. ವೆಬ್‌ಸೈಟು ಹೇಗೆ ಕಾಣಬೇಕು ಅಂತ ಅವನು ಚಂದದ ಚಿತ್ರ ಮಾಡ್ತಾನೆ. ಅದು ಬರೀ ಚಿತ್ರ. ಬಟನ್ ಉಂಟು, ಒತ್ತಿದರೆ ಏನೂ ಆಗುವುದಿಲ್ಲ. ಆ ಚಿತ್ರಕ್ಕೆ ಕೋಡ್ ಬರೆದು, ಒತ್ತಿದರೆ ತೆರೆಯುವ ನಿಜವಾದ ಪುಟ ಮಾಡುವುದು ನನ್ನ ಕೆಲಸ.

ಈ ಸಲ ಬಂದ ಕೆಲಸ ಅಳದಂಗಡಿ ಕಡೆಯ ಒಂದು ಊರಿನ ದೈವಸ್ಥಾನದ್ದು. ಅಲ್ಲಿ ಊರಿನ ಯಜಮಾನಿಕೆ ಇರುವ ಎರಡು ಗುತ್ತಿನ ಮನೆ, ಗುಡ್ಡೆ ಮನೆ ಮತ್ತು ಬೈಲು ಮನೆ. ದೈವದ ಎದುರು ಮರ್ಯಾದೆ ಮೊದಲು ಯಾರಿಗೆ ಅಂತ ಜಗಳವಾಗಿ ಎಷ್ಟೋ ವರ್ಷದಿಂದ ದೈವದ ನೇಮವೇ, ಅಂದರೆ ವರ್ಷಾವಧಿ ಕೋಲದ ಉತ್ಸವವೇ, ನಿಂತುಹೋಗಿತ್ತು. ಈ ವರ್ಷ ಹೇಗೋ ಇಬ್ಬರೂ ಒಪ್ಪಿದ್ದಾರೆ. ಒಪ್ಪಿದ ಮೇಲೆ ಇಬ್ಬರೂ ಸೇರಿ ಮಾಡುವ ಮೊದಲ ಕೆಲಸವೇ ಈ ವೆಬ್‌ಸೈಟು, ನೇಮದ ಆಮಂತ್ರಣ ಅದರಲ್ಲೇ ಬರಬೇಕು. ಅದು ಹೆಚ್ಚುಕಮ್ಮಿಯಾದರೆ ನೇಮ ಪುನಃ ನಿಲ್ತದೆ. ಇಷ್ಟು ಸಾಲದು ಅಂತ ಆ ಊರು ನನ್ನ ಅತ್ತೆಯ ತವರೂರು. "ನಿನ್ನಿಂದ ನೇಮ ನಿಂತಿತು ಅಂತ ಆಗಬಾರದು ನೋಡು" ಅಂದರು ಅತ್ತೆ, ಅನ್ನ ಬಡಿಸುವಾಗ.

ಮುಗಿದ ಕೆಲಸ

ಡಿಸೈನರ್ ಚಿತ್ರ ಮಾಡಿ ಕಮಿಟಿಯ ಕಾರ್ಯದರ್ಶಿಗೆ ವಾಟ್ಸಾಪಿನಲ್ಲಿ ಕಳಿಸಿದ. ಅವರು ಬೆಳ್ತಂಗಡಿಯಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು, ಸಜ್ಜನರು. ಮರುದಿನ ಬೆಳಿಗ್ಗೆ ಅವರ ಫೋನು.

"ಅಮ್ಮಾ, ವೆಬ್‌ಸೈಟು ಬಂತು. ಭಾರೀ ಲಾಯ್ಕಾಗಿದೆ. ಆದರೆ ಆಮಂತ್ರಣ ಅಂತ ಇದ್ದಲ್ಲಿ ಒತ್ತಿದರೆ ತೆರೆಯುವುದಿಲ್ಲ. ಎರಡು ಬೆರಳಿಟ್ಟರೆ ದೊಡ್ಡದಾಗ್ತದೆ, ಅಷ್ಟೆ."

"ಸರ್, ಅದು ಬರೀ ಫೋಟೋ. ವೆಬ್‌ಸೈಟು ಇನ್ನು ಆಗಬೇಕಷ್ಟೆ."

"ಇನ್ನೆಂತ ಆಗಲಿಕ್ಕುಂಟು? ನಾವು ಪ್ರಿಂಟ್ ತೆಗೆದು ಲ್ಯಾಮಿನೇಶನ್ ಮಾಡಿಸಿ ದೈವಸ್ಥಾನದ ಚಾವಡಿಯಲ್ಲಿ ನೇತು ಹಾಕಿ ಆಯ್ತು. ಊರಿನವರೆಲ್ಲ ಬಂದು ನೋಡಿ ಹೋದರು."

ನಾನು ಬೆವರುತ್ತಾ ಬಟನ್ ಅಂದರೇನು, ಕೋಡ್ ಅಂದರೇನು ಅಂತ ವಿವರಿಸಿದೆ. ಮೇಷ್ಟ್ರು ತಾಳ್ಮೆಯಿಂದ ಕೇಳಿದರು. ಕೊನೆಗೆ ನನ್ನ ಮೇಲೆ ಕನಿಕರ ಬಂತೋ ಏನೋ, ಮೆಲ್ಲಗೆ ಹೇಳಿದರು: "ಹೆದರಬೇಡಿಯಮ್ಮ. ನಿಮಗೂ ಒಂದು ಕೆಲಸ ಇರಲಿ, ಮಾಡಿ."

ಬಿಳಿ ಅಳಿಯ

ಚಿತ್ರ ಮಾಡುವವರು ನಿಜವಾದ ಫೋಟೋ ಸಿಗುವ ತನಕ ಇಂಟರ್ನೆಟ್ಟಿನಿಂದ ಯಾವುದೋ ಮುಖ ತಂದು ಅಂಟಿಸ್ತಾರೆ. ನಮ್ಮ ಡಿಸೈನರ್ 'ಆಡಳಿತ ಮಂಡಳಿ' ಅನ್ನುವಲ್ಲಿ ಕೋಟು ಹಾಕಿ ಹಲ್ಲು ಕಿರಿಯುವ ಒಬ್ಬ ಬಿಳಿ ಮನುಷ್ಯನನ್ನು ಇಟ್ಟಿದ್ದ. ನಾನೂ ಗಡಿಬಿಡಿಯಲ್ಲಿ ಹಾಗೆಯೇ ಪುಟ ಕಟ್ಟಿ, ನೋಡಲಿಕ್ಕೆ ಅಂತ ಕಮಿಟಿಗೆ ಕಳಿಸಿದೆ.

ಮಧ್ಯಾಹ್ನ ಬೈಲು ಮನೆ ಯಜಮಾನರ ಫೋನು. ಧ್ವನಿ ಗಡುಸಾಗಿತ್ತು.

"ಇದು ಯಾರು ಈ ಬಿಳಿಯ? ಗುಡ್ಡೆ ಮನೆಯವರ ಅಳಿಯನಾ? ಅವರ ಮಗಳು ಹೊರದೇಶದಲ್ಲಿ ಇದ್ದಾಳಲ್ಲ. ನಮಗೆ ಒಂದು ಮಾತು ಹೇಳದೆ ಅವನನ್ನು ಕಮಿಟಿಗೆ ಸೇರಿಸಿದರಾ?"

"ಅಯ್ಯೋ ಇಲ್ಲ..." ಅನ್ನುವುದರೊಳಗೆ ಫೋನ್ ಕಟ್ಟಾಯಿತು. ನಾನು ನೀರು ಕುಡಿಯುತ್ತಿದ್ದಾಗ ಗುಡ್ಡೆ ಮನೆ ಯಜಮಾನರ ಫೋನು.

"ಬೈಲು ಮನೆಯವರಿಗೆ ದುಬೈಯಲ್ಲಿ ಪಾರ್ಟ್‌ನರ್ ಒಬ್ಬ ಇದ್ದಾನಂತೆ, ಅವನಲ್ವಾ ಇದು? ದುಡ್ಡಿದ್ದರೆ ಯಾರನ್ನೂ ತಂದು ಕೂರಿಸಬಹುದಾ?"

ಲೋಟ ಅಲ್ಲೇ ಇಟ್ಟೆ. ಡಿಸೈನರಿಗೆ ಫೋನ್ ಮಾಡಿದರೆ ಅವನು "ಅದ್ರಾಗ ಏನೈತ್ರಿ ಮೇಡಂ, ತಗದ ಬಿಡ್ರಿ" ಅಂದ. ಆ ಮನುಷ್ಯನನ್ನು ತೆಗೆದು, ಇಬ್ಬರಿಗೂ ಫೋನ್ ಮಾಡಿ, ಅವನು ಯಾರ ಸಂಬಂಧಿಯೂ ಅಲ್ಲ, ಇಂಟರ್ನೆಟ್ಟಿನವನು ಅಂತ ಹೇಳಿದೆ. ಇಬ್ಬರಿಗೂ ಸಮಾಧಾನವಾಯಿತು. ಸಂಜೆ ಮೇಷ್ಟ್ರ ಮೆಸೇಜು: "ಆ ಬಿಳಿ ಮಹನೀಯರನ್ನು ಯಾಕೆ ತೆಗೆದಿರಿ? ನೇಮಕ್ಕೆ ಮುಖ್ಯ ಅತಿಥಿ ಅಂತ ನಾನು ನಾಲ್ಕು ಜನರಿಗೆ ಹೇಳಿ ಆಗಿದೆ."

ಓಡುವ ದೈವ

ಇದನ್ನು ಬರೆಯುವಾಗಲೂ ನನಗೆ ರೋಮ ಎದ್ದು ನಿಲ್ತದೆ. ಪುಟದ ಮೇಲ್ಭಾಗದಲ್ಲಿ ಫೋಟೋಗಳು ಒಂದರ ಹಿಂದೆ ಒಂದು ತಾನಾಗಿ ಸರಿದು ಹೋಗುವ ಹಾಗೆ ಮಾಡುವುದುಂಟು. ಡಿಸೈನರ್ ಬರೆದ ಚಿತ್ರದಲ್ಲಿ ಮೊದಲ ಫೋಟೋ ದೈವದ ಮೊಗದ್ದು, ಪೂಜೆಗೆ ಇಡುವ ಬೆಳ್ಳಿಯ ಮುಖವಾಡದ್ದು. ಹೇಳಿದ ಹಾಗೆ ನಾನೂ ಮಾಡಿದೆ. ತೋರಿಸಲಿಕ್ಕೆ ಲ್ಯಾಪ್‌ಟಾಪು ಹಿಡಿದುಕೊಂಡು, ಡಿಸೈನರನ್ನೂ ಕರೆದುಕೊಂಡು ದೈವಸ್ಥಾನಕ್ಕೆ ಹೋದರೆ ಅಲ್ಲಿ ಪಾತ್ರಿ ಕೂತಿದ್ದರು, ದೈವ ಮೈಮೇಲೆ ಬರುವುದು ಇವರಿಗೇ. ಚಪ್ಪಲಿ ಕಳಚಿ, ಕೈಕಾಲು ತೊಳೆದುಕೊಂಡು ಬಂದು ಲ್ಯಾಪ್‌ಟಾಪಿನ ಎದುರು ನಿಂತು ಕೈ ಮುಗಿದರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ದೈವ ಎಡಕ್ಕೆ ಸರಿದು ಹೋಗಿ, ಆ ಜಾಗದಲ್ಲಿ ದೈವಸ್ಥಾನದ ಹೊಸ ಶೌಚಾಲಯದ ಫೋಟೋ ಬಂದಿತ್ತು.

ಪಾತ್ರಿ ನನ್ನ ಕಡೆ ತಿರುಗಿದರು.

"ದೈವ ಎಲ್ಲಿಗೆ ಹೋಯಿತು?"

"ಪುನಃ ಬರ್ತದೆ" ಅಂದೆ.

ದೈವ ಬಲಗಡೆಯಿಂದ ಬಂತು, ನಿಂತಿತು, ಪುನಃ ಓಡಿತು.

"ನಿಲ್ಲಬೇಕಾದ ದೈವ ಯಾಕೆ ಓಡ್ತದೆ? ಓಡಿಸುವುದು ಯಾರು?"

ಡಿಸೈನರ್ ಪಕ್ಕದಲ್ಲೇ ಇದ್ದ, ಪುಣ್ಯಾತ್ಮ. ನನ್ನ ಕಡೆ ಕೈ ತೋರಿಸಿ ಹೆಮ್ಮೆಯಿಂದ ಹೇಳಿದ: "ಮೇಡಮ್ಮಾರೇ ಓಡಿಸೋದ್ರಿ. ಇನ್ನೂ ಜೋರು ಓಡಸ್ತಾರ ಬೇಕಂದ್ರ."

ಮೊಗದ ಫೋಟೋ ಅಲ್ಲೇ ತೆಗೆದೆ, ಗುಡಿಯ ಫೋಟೋ ಅಲುಗದ ಹಾಗೆ ಇಟ್ಟೆ. ಮರುದಿನ ನನಗೆ ಜ್ವರ. ಡಾಕ್ಟರು ವೈರಲ್ ಅಂದರು. ಅತ್ತೆ ಕೇಳಿ ನಕ್ಕರು, ಅಷ್ಟೆ.

ಸಪೂರ ಫೋನಿನ ಮೇಲೆ

ಅಸಲು ಹೆದರಿಕೆ ಇನ್ನೂ ಬಾಕಿ ಇತ್ತು. ಚಿತ್ರದಲ್ಲಿ ನಡುವೆ ಗುಡಿ. ಗುಡಿಯ ಈಚೆ ಗುಡ್ಡೆ ಮನೆ ಯಜಮಾನರು, ಆಚೆ ಬೈಲು ಮನೆ ಯಜಮಾನರು. ದೈವಸ್ಥಾನದಲ್ಲಿ ಅವರ ಕುರ್ಚಿ ಇಡುವುದೂ ಹಾಗೆಯೇ, ಒಂದು ಅಂಗುಲ ಹಿಂದೆಮುಂದೆ ಆಗಬಾರದು ಅಂತ ಹಗ್ಗ ಹಿಡಿದು ನೋಡ್ತಾರೆ. ಲ್ಯಾಪ್‌ಟಾಪಿನ ಅಗಲ ಪರದೆಯಲ್ಲಿ ಎಲ್ಲ ಸರಿ. ಆದರೆ ಫೋನ್ ಸಪೂರ ನೋಡಿ. ಅಕ್ಕಪಕ್ಕ ಇದ್ದದ್ದು ಅದರಲ್ಲಿ ಒಂದರ ಕೆಳಗೊಂದು ಬರ್ತದೆ. ಆಫೀಸಿನಲ್ಲಿ ಫೋನಿನಲ್ಲಿ ತೆರೆದು ನೋಡಿ ನಾನು "ದೇವರೇ!" ಅಂತ ಕೂಗಿದೆ. ಗುಡ್ಡೆ ಮನೆಯವರು ದೈವದ ತಲೆಯ ಮೇಲೆ ಕೂತಿದ್ದಾರೆ, ಬೈಲು ಮನೆಯವರು ದೈವದ ಕಾಲಿನಡಿ ಇದ್ದಾರೆ!

ಅದಲು ಬದಲು ಮಾಡಿದೆ. ಈಗ ಬೈಲು ಮನೆಯವರು ತಲೆಯ ಮೇಲೆ. ಮೂವರನ್ನೂ ಒತ್ತಿ ಒಂದೇ ಸಾಲಿನಲ್ಲಿ ಕೂರಿಸಿದೆ. ಇಬ್ಬರ ಮೀಸೆ ಮಾತ್ರ ಕಂಡಿತು. ಕೊನೆಗೆ ಎಲ್ಲ ಮೊದಲಿದ್ದ ಹಾಗೆಯೇ ಇಟ್ಟು, ದೇವರ ಮೇಲೆ ಭಾರ ಹಾಕಿ, ಲ್ಯಾಪ್‌ಟಾಪಿನಲ್ಲೇ ತೋರಿಸಿ ಓಡಿ ಬರುವ ಅಂತ ಡಿಸೈನರನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಇಡೀ ದಾರಿ ನನಗೆ ಕಾಣುತ್ತಿದ್ದದ್ದು ಅತ್ತೆಯ ಮುಖ.

ಚಾವಡಿಯಲ್ಲಿ ಊರಿಗೆ ಊರೇ ಸೇರಿತ್ತು. ಯಜಮಾನರಿಬ್ಬರೂ ಅಕ್ಕಪಕ್ಕ ಕೂತಿದ್ದರೂ ಮುಖ ನೋಡಿಕೊಳ್ಳುತ್ತಿರಲಿಲ್ಲ. ಲ್ಯಾಪ್‌ಟಾಪು ನೋಡಿ ತಲೆಯಾಡಿಸಿದರು. ಬದುಕಿದೆ ಅಂದುಕೊಂಡು ಮುಚ್ಚಲಿಕ್ಕೆ ಹೋದಾಗ ಮೇಷ್ಟ್ರು, "ಲಿಂಕ್ ಗ್ರೂಪಿಗೆ ಹಾಕಿದ್ದೇನೆ, ಎಲ್ಲರೂ ಫೋನಿನಲ್ಲಿ ನೋಡುವ" ಅಂದರು.

ಎಲ್ಲರ ಕೈ ಕಿಸೆಗೆ ಹೋಯಿತು. ನೇಮ ನಿಂತಿತು, ನನ್ನ ಸಂಸಾರವೂ ನಿಂತಿತು ಅಂತ ಕಂಬ ಹಿಡಿದುಕೊಂಡೆ. ಡಿಸೈನರಿಗೆ ಪಿಸುಗುಟ್ಟಿದೆ, "ಏನಾದರೂ ಮಾಡು ಮಾರಾಯ."

ಅವನು ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದ: "ಫೋನ್ ಅಡ್ಡ ಹಿಡೀರಿ! ಅಡ್ಡ! ನಿಂದ್ರಿಸಿ ನೋಡಬ್ಯಾಡ್ರಿ!"

ಆ ಧ್ವನಿಗೆ ಪಾತ್ರಿಯೂ ಸೇರಿ ಎಲ್ಲರೂ ಫೋನ್ ಅಡ್ಡ ಹಿಡಿದರು. ಕೆಲವರ ಫೋನಿನಲ್ಲಿ ಪುಟ ತಿರುಗಲಿಲ್ಲ, ಅವರು ಕುತ್ತಿಗೆಯನ್ನೇ ಅಡ್ಡ ಹಾಕಿದರು. ತಿರುಗಿದವರ ಪರದೆಯಲ್ಲಿ ನಡುವೆ ಗುಡಿ, ಅತ್ತಿತ್ತ ಇಬ್ಬರು, ಸಮಸಮ. "ದೈವದ ಪುಟವನ್ನು ಹೀಗೇ ನೋಡುವ ಕ್ರಮವಾ?" ಅಂತ ಒಬ್ಬರು ಕೇಳಿದರು. "ಹೌದು, ಕ್ರಮ" ಅಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಯಜಮಾನರಿಬ್ಬರೂ ತುಂಬಾ ಹೊತ್ತು ಫೋನ್ ನೋಡಿದರು. ಆಮೇಲೆ ಒಬ್ಬರು "ಆಗಬಹುದು" ಅಂದರು, ಇನ್ನೊಬ್ಬರೂ "ಆಗಬಹುದು" ಅಂದರು. ಅಲ್ಲೇ ನೇಮದ ದಿನ ನಿಶ್ಚಯವಾಯಿತು. ಈಗ ಆ ಪುಟವನ್ನು ಫೋನ್ ನೆಟ್ಟಗೆ ಹಿಡಿದು ತೆರೆದರೆ ಬರುವುದು ಒಂದೇ ಸಾಲು: 'ದಯವಿಟ್ಟು ಅಡ್ಡ ಹಿಡಿಯಿರಿ.'

ಇಷ್ಟಕ್ಕೆ ಮುಗಿದಿದ್ದರೆ ನಾನು ಸುಖವಾಗಿ ಇರ್ತಿದ್ದೆ. ಮರುದಿನ ಬೈಲು ಮನೆ ಯಜಮಾನರು ಫೋನ್ ಮಾಡಿದರು. ಧ್ವನಿ ತಗ್ಗಿಸಿ ಹೇಳಿದರು: "ತುಂಬಾ ಉಪಕಾರ ಆಯ್ತಮ್ಮ. ನೋಡುವವರ ಬಲಗೈ ಕಡೆ ನಮ್ಮನ್ನೇ ಇಟ್ಟಿದ್ದೀರಿ. ಬಲಗಡೆ ಅಂದರೆ ಮೊದಲ ಮರ್ಯಾದೆ ಅಲ್ವಾ! ಗುಡ್ಡೆ ಮನೆಯವರಿಗೆ ಗೊತ್ತಾಗಲಿಲ್ಲ, ನೀವೂ ಹೇಳಬೇಡಿ."

ಫೋನ್ ಇಟ್ಟು ಬೆವರು ಒರೆಸುವಾಗ ಗುಡ್ಡೆ ಮನೆ ಯಜಮಾನರು. ಅವರದ್ದೂ ಪಿಸುಮಾತು: "ನಮಗೆ ಅರ್ಥವಾಯಿತು ಬಿಡಿ. ಗುಡಿಯ ಒಳಗಿಂದ ದೈವ ನೋಡುವಾಗ ಅದರ ಬಲಗಡೆ ನಾವೇ ಇರುವುದು. ಬೈಲು ಮನೆಯವರಿಗೆ ಅಷ್ಟು ಸೂಕ್ಷ್ಮ ಗೊತ್ತಾಗುವುದಿಲ್ಲ. ನಮ್ಮೊಳಗೇ ಇರಲಿ."

ಇಬ್ಬರಿಗೂ "ಆಯಿತು" ಅಂದೆ. ಅಂದಿನಿಂದ ನಿದ್ರೆ ಹತ್ತುವುದಿಲ್ಲ. ನೇಮದ ದಿನ ಇಬ್ಬರೂ ಕೂತಿರುವಾಗ ಮಾತಿಗೆ ಮಾತು ಬಂದು ಒಬ್ಬರು ಬಾಯಿ ಬಿಟ್ಟರೆ ನನ್ನ ಗತಿ ಏನು? ನಿನ್ನೆ ಅತ್ತೆ ದೀಪ ಹಚ್ಚಿ, ಆ ಎರಡು ಮನೆಯವರು ಇನ್ನಾದರೂ ಬಾಯಿ ತುಂಬ ಮಾತಾಡುವ ಹಾಗಾಗಲಿ ಅಂತ ದೈವಕ್ಕೆ ಹರಕೆ ಹೇಳಿದರು. ಅತ್ತೆ ಒಳಗೆ ಹೋಗುವುದನ್ನೇ ಕಾದಿದ್ದು ನಾನೂ ಕೈ ಮುಗಿದು ಹರಕೆ ಹೇಳಿದೆ, ಆ ಎರಡು ಮನೆಯವರು ಜನ್ಮದಲ್ಲಿ ಮಾತಾಡದಿರಲಿ ಅಂತ. ಅದೇ ದೈವಕ್ಕೆ.